ಹಬ್ಬದ ನಂತರ ದಾರಿ ತಪ್ಪಿದ ರೋಬೋಟ್

ಪ್ರಶ್ನೆ: ನಮ್ಮ ಮನೆಯಲ್ಲಿರುವುದು ನೆತ್ತಿಯ ಮೇಲೆ ಲೇಸರ್ ತಿರುಗುವ ಮಾದರಿಯ ರೋಬೋಟ್ ವ್ಯಾಕ್ಯೂಮ್. ಗಣೇಶನ ಹಬ್ಬಕ್ಕೆ ಮಂಟಪ ಇಡಲೆಂದು ಅದರ ಚಾರ್ಜಿಂಗ್ ಡಾಕನ್ನು ಹಾಲ್‌ನಿಂದ ಊಟದ ಕೋಣೆಗೆ ಸರಿಸಿದೆವು. ಅಂದಿನಿಂದ ಆ್ಯಪ್‌ನಲ್ಲಿ ಮನೆಯ ನಕ್ಷೆ ವಾರೆಯಾಗಿ ಕಾಣುತ್ತಿದೆ. ಮಲಗುವ ಕೋಣೆಗೆ ಕಳಿಸಿದರೆ ಅಡುಗೆಮನೆಗೆ ಹೋಗುತ್ತದೆ. ಊಟದ ಕೋಣೆಯ ಸುತ್ತ ಇರುವ ಕಪ್ಪು ಗ್ರಾನೈಟ್ ಅಂಚಿನ ಹತ್ತಿರ ಬಂದರೆ ಹಿಂದೆ ಸರಿಯುತ್ತದೆ. ಅಡಿಭಾಗದ ಸೆನ್ಸರ್‌ಗೆ ಟೇಪ್ ಅಂಟಿಸಿದರೆ ಸರಿಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಅಂಟಿಸಬಹುದೇ? ನಮ್ಮದು ಮಹಡಿ ಮನೆ.
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲಿಗೆ, ದಯವಿಟ್ಟು ಟೇಪ್ ಅಂಟಿಸಬೇಡಿ. ಯಂತ್ರದ ಅಡಿಯಲ್ಲಿರುವ ಆ ಸೆನ್ಸರ್‌ಗಳು ನೆಲದತ್ತ ಇನ್‌ಫ್ರಾರೆಡ್ ಕಿರಣವನ್ನು ಬಿಟ್ಟು, ಅದು ಮರಳಿ ಬರುತ್ತದೆಯೇ ಎಂದು ನೋಡುತ್ತಿರುತ್ತವೆ. ಕಿರಣ ಮರಳದಿದ್ದರೆ ಮುಂದೆ ಮೆಟ್ಟಿಲಿದೆ ಎಂದು ತಿಳಿದು ಯಂತ್ರ ನಿಲ್ಲುತ್ತದೆ. ಕಪ್ಪು ಕಲ್ಲು ಕಿರಣವನ್ನು ಬಹುಮಟ್ಟಿಗೆ ಹೀರಿಕೊಳ್ಳುವುದರಿಂದ ನಿಮ್ಮ ಗ್ರಾನೈಟ್ ಅಂಚು ಅದಕ್ಕೆ ಪ್ರಪಾತದಂತೆ ತೋರುತ್ತಿರಬೇಕು. ಅನುಮಾನವಿದ್ದರೆ ಅಂಚಿನ ಮೇಲೆ ಅಗಲವಾದ ಬಿಳಿ ಹಾಳೆಯೊಂದನ್ನು ಅಂಟಿಸಿ ನೋಡಿ: ಹಾಳೆಯ ಮೇಲೆ ಸಲೀಸಾಗಿ ಹತ್ತಿದರೆ ದೋಷ ಯಂತ್ರದ್ದಲ್ಲ, ಬಣ್ಣದ್ದು. ಹಾಳೆಯ ಮೇಲೂ ಹಿಂಜರಿದರೆ ಸೆನ್ಸರ್‌ನ ಪುಟ್ಟ ಕಿಟಕಿಗಳಲ್ಲಿ ಧೂಳು ಕೂತಿರಬಹುದು. ಒಣ ಹತ್ತಿ ಬಟ್ಟೆಯಿಂದ ಒರೆಸಿ. ಟೇಪ್ ಅಂಟಿಸಿದರೆ ಗ್ರಾನೈಟನ್ನು ದಾಟುತ್ತದೆ, ನಿಜ. ಆದರೆ ಮಹಡಿಯ ಮೆಟ್ಟಿಲನ್ನೂ ದಾಟುತ್ತದೆ. ಆ ಅಂಚಿಗೆ ಪೊರಕೆಯೇ ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನು ನಕ್ಷೆಯ ವಿಚಾರ. 2002ರಲ್ಲಿ ಬಂದ ಮೊದಲ ರೂಂಬಾ ರೋಬೋಟ್ ವ್ಯಾಕ್ಯೂಮ್‌ಗೆ ನಕ್ಷೆಯೇ ಇರಲಿಲ್ಲ. ಗೋಡೆಗೆ ತಾಗಿ, ತಿರುಗಿ, ಮತ್ತೆ ತಾಗಿ ಗುಡಿಸುತ್ತಿದ್ದ ಅದಕ್ಕೆ ದಾರಿ ತಪ್ಪುವ ಪ್ರಶ್ನೆಯೂ ಇರಲಿಲ್ಲ. ನಿಮ್ಮ ಯಂತ್ರ ಹಾಗಲ್ಲ. ಲೇಸರ್‌ನಿಂದ ಗೋಡೆಗಳ ದೂರವನ್ನು ಅಳೆದು, ಚಕ್ರಗಳು ಎಷ್ಟು ಸುತ್ತಿದವೆಂದು ಲೆಕ್ಕವಿಟ್ಟು, ಎರಡನ್ನೂ ಹಳೆಯ ನಕ್ಷೆಯೊಡನೆ ಹೋಲಿಸಿ ತಾನೆಲ್ಲಿದ್ದೇನೆಂದು ಅದು ಊಹಿಸುತ್ತದೆ. ಈ ಊಹೆ ಸಾಮಾನ್ಯವಾಗಿ ಶುರುವಾಗುವುದು ಡಾಕ್‌ನಿಂದ. ಡಾಕ್ ಊಟದ ಕೋಣೆಗೆ ಹೋದರೂ ಯಂತ್ರದ ನೆನಪಿನಲ್ಲಿ ಹಾಲ್‌ನಲ್ಲೇ ಉಳಿದಿರುವುದರಿಂದ ಕೋಣೆಗಳೆಲ್ಲ ಅದಲುಬದಲಾಗಿವೆ.

ಡಾಕನ್ನು ಹಾಲ್‌ನ ಹಳೆಯ ಜಾಗಕ್ಕೆ ಮರಳಿಸುವುದೇ ಸುಲಭದ ದಾರಿ. ಹೇಗೂ ಗ್ರಾನೈಟ್ ಅಂಚಿರುವ ಕೋಣೆ ಡಾಕ್‌ಗೆ ಒಳ್ಳೆಯ ನೆಲೆಯಲ್ಲ. ಎರಡೂ ಪಕ್ಕದಲ್ಲಿ ಅರ್ಧ ಮೀಟರ್, ಮುಂದೆ ಒಂದೂವರೆ ಮೀಟರಿನಷ್ಟು ಖಾಲಿ ಜಾಗ ಬಿಟ್ಟು, ಬೆನ್ನು ಗೋಡೆಗೆ ತಾಗುವಂತೆ ಇಡಿ. ಹಲವು ಆ್ಯಪ್‌ಗಳಲ್ಲಿ ಹಿಂದಿನ ನಕ್ಷೆಯನ್ನು ಮರಳಿ ತರುವ ಸೌಲಭ್ಯವಿರುತ್ತದೆ. ಇಲ್ಲದಿದ್ದರೆ ವಾರೆಯಾದದ್ದನ್ನು ಅಳಿಸಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಹೊಸದಾಗಿ ಬರೆಸಿ. ಬರೆಯುತ್ತಿರುವಾಗ ಪಾಪ ಸಿಕ್ಕಿಹಾಕಿಕೊಂಡಿದೆಯೆಂದು ಎತ್ತಿ ಬೇರೆಡೆ ಇಡಬೇಡಿ. ಅಲ್ಲಿಗೆ ಅದರ ಲೆಕ್ಕ ತಪ್ಪುತ್ತದೆ.

ಹೊಸ ನಕ್ಷೆಯಲ್ಲಿ ಮನೆಯಲ್ಲಿಲ್ಲದ ಕೋಣೆಯೊಂದು ಕಂಡರೆ, ನೆಲದವರೆಗೆ ಕನ್ನಡಿಯಿರುವ ಬೀರು ಎಲ್ಲಿದೆ ನೋಡಿ. ಪ್ರತಿಬಿಂಬವನ್ನು ಲೇಸರ್ ನಿಜವಾದ ಜಾಗವೆಂದೇ ತಿಳಿಯುತ್ತದೆ. ಕನ್ನಡಿಯ ಕೆಳಭಾಗದಲ್ಲಿ, ಲೇಸರ್ ಇರುವ ಎತ್ತರಕ್ಕೆ, ಅಂದರೆ ನೆಲದಿಂದ ಸುಮಾರು 10 ಸೆಂಟಿಮೀಟರ್ ಮೇಲೆ, ಕಾಗದದ ಪಟ್ಟಿಯೊಂದನ್ನು ಅಂಟಿಸಿದರೆ ಸಾಕು. ಚಕ್ರಕ್ಕೆ ಸುತ್ತಿಕೊಂಡ ತಲೆಕೂದಲನ್ನೂ ಆಗಾಗ ತೆಗೆಯಿರಿ. ಚಕ್ರ ಬಿಗಿದು ಜಾರತೊಡಗಿದರೆ ಸುತ್ತಿನ ಲೆಕ್ಕ ಕೆಡುತ್ತದೆ.

ಮುಂದಿನ ಹಬ್ಬಕ್ಕೆ ಡಾಕ್ ಎತ್ತಲೇಬೇಕಾದರೆ, ಅದರ ಎರಡು ಮೂಲೆಗಳನ್ನು ಮೊದಲು ನೆಲದ ಮೇಲೆ ಗುರುತು ಮಾಡಿಕೊಂಡು, ಮಂಟಪ ತೆಗೆಯುವವರೆಗೆ ಯಂತ್ರವನ್ನು ಆಫ್ ಮಾಡಿಡಿ. ಪಕ್ಕದ ಮನೆಯವರ ಟೇಪ್ ಆ ಗುರುತಿಗೆ ಬಳಕೆಯಾಗಲಿ.