ಸಪ್ಲಿಮೆಂಟರಿ ಇಲ್ಲದ ದೇಶದಲ್ಲಿ ನರ್ಸಿಂಗ್ ಸೀಟು

"ಅಕ್ಕ, ಡಲ್ಲಾಸ್‌ಗೆ ಬಂದು ಎಂಟು ತಿಂಗಳಾಯಿತು. ಊರಿನ ಬಿ.ಎಸ್ಸಿ. ಇದೆ, ಕೆಲಸ ಮಾಡಲು ಅನುಮತಿ ಕೊಡುವ ಇ.ಎ.ಡಿ. ಕಾರ್ಡೂ ಬಂತು. ಕಮ್ಯೂನಿಟಿ ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಗೋದು ಬಹಳ ಕಷ್ಟ ಅಂತಾರೆ. ಒಂದು ಪ್ರೈವೇಟ್ ಕಾಲೇಜಿನವರು ಮುಂದಿನ ತಿಂಗಳೇ ಸೇರಿಕೋ ಅಂತಿದ್ದಾರೆ. ಅಲ್ಲಿ ಸೇರಲಾ, ಇಲ್ಲಾ ನರ್ಸಿಂಗ್‌ಗೆ ಮೊದಲು ಮಾಡಲೇಬೇಕಾದ ಪ್ರಿರಿಕ್ವಿಸಿಟ್ ಕೋರ್ಸ್ ಎಲ್ಲಾ ಒಂದೇ ಸೆಮಿಸ್ಟರಿನಲ್ಲಿ ಮುಗಿಸಿ ಅರ್ಜಿ ಹಾಕಲಾ?" ಅಂತ ಕೇಳಿದ್ದೀಯ. ಅಕ್ಕ ಅಂದಿದ್ದೀಯಲ್ಲ, ನೀನು ಅಂತಲೇ ಬರೆಯುತ್ತೇನೆ.

ಎರಡೂ ಬೇಡ. ಯಾಕೆ ಅಂತ ಹೇಳಬೇಕಾದರೆ ನನ್ನ ಕಥೆಯಿಂದಲೇ ಶುರು ಮಾಡಬೇಕು.

ನಾನು ಓಹಾಯೋಗೆ ಬಂದದ್ದು 2006ರ ಜನವರಿಯಲ್ಲಿ, ಹಿಮದ ಮಧ್ಯೆ. ಫಸ್ಟ್ ಕ್ಲಾಸ್ ಬಿ.ಎಸ್ಸಿ.ಯ ಮಾರ್ಕ್ಸ್ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ಮುಂದಿನ ವರ್ಷ, ಮಗಳಿಗೆ ಹತ್ತು ತಿಂಗಳಾಗಿದ್ದಾಗ, ನೀನು ಈಗ ಅಂದುಕೊಂಡಿರುವುದನ್ನೇ ಮಾಡಿದೆ. ಅನಾಟಮಿ ಅಂಡ್ ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ ಮೂರನ್ನೂ ಒಂದೇ ಸೆಮಿಸ್ಟರಿನಲ್ಲಿ ತೆಗೆದುಕೊಂಡೆ. ಹೆಸರು ಕೇಳಿದರೆ ಎಲ್ಲಾ ಓದಿದ್ದೇ ಅನ್ನಿಸುತ್ತಿತ್ತು. ಆದರೆ ಇಲ್ಲಿ ವಾರವಾರವೂ ಕ್ವಿಜ್. ಲ್ಯಾಬಿನಲ್ಲಿ ಮೂಳೆಯ ಒಂದೊಂದು ಗುಳಿ, ಒಂದೊಂದು ಉಬ್ಬು ತೋರಿಸಿ ಹೆಸರು ಬರೆ ಅಂತಾರೆ. ಕೊನೆಯ ಹದಿನೈದು ದಿನ ನಿದ್ದೆಗೆಟ್ಟು ಓದಿ ಪಾಸು ಮಾಡುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಅಡ್ವೈಸರ್ ಕರೆಸಿ, ಅನಾಟಮಿಯಿಂದ ವಿತ್‌ಡ್ರಾ ಆಗು, ಶುಕ್ರವಾರ ಕಡೆಯ ದಿನ ಅಂದರು. ಫಾರ್ಮನ್ನೂ ಅವರೇ ಕೈಗೆ ಕೊಟ್ಟರು. ವಿತ್‌ಡ್ರಾ ಆದರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಬರೀ ಒಂದು 'ಡಬ್ಲ್ಯೂ' ಬೀಳುತ್ತದೆ, ಗ್ರೇಡುಗಳ ಸರಾಸರಿಯಾದ ಜಿ.ಪಿ.ಎ.ಗೆ ಲೆಕ್ಕವಿಲ್ಲ. ಆ ಶುಕ್ರವಾರ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ, ಫಾರ್ಮನ್ನು ತೊಡೆಯ ಮೇಲಿಟ್ಟುಕೊಂಡು ಮುಕ್ಕಾಲು ಗಂಟೆ ಕೂತಿದ್ದೆ. ಅರ್ಧಕ್ಕೆ ಬಿಟ್ಟಳು ಅನ್ನಿಸಿಕೊಳ್ಳುವುದು ಹೇಗೆ? ಹೆಚ್ಚೆಂದರೆ ಕಡಿಮೆ ಮಾರ್ಕ್ಸ್ ಬಂದೀತು, ಮತ್ತೆ ಬರೆದರಾಯಿತು ಅಂದುಕೊಂಡೆ. ನಿನಗೂ ಗೊತ್ತಲ್ಲ, ನಮ್ಮಲ್ಲಿ ಸಪ್ಲಿಮೆಂಟರಿ ಪಾಸಾದರೆ ಹಳೆಯದನ್ನು ಯಾರೂ ಕೇಳುವುದಿಲ್ಲ. ಫಾರ್ಮನ್ನು ಮಡಿಸಿ ಪುಸ್ತಕದೊಳಗೆ ಇಟ್ಟು ಮನೆಗೆ ಹೋದೆ.

'ಸಿ' ಬಂತು. ಮರುವರ್ಷ ಅದೇ ಕೋರ್ಸ್ ಮತ್ತೆ ಮಾಡಿ 'ಎ' ತೆಗೆದೆ. ಆದರೆ ನಾನು ಅರ್ಜಿ ಹಾಕಿದ ಕಾಲೇಜು ಎರಡು ಸಲದ ಗ್ರೇಡನ್ನೂ ಕೂಡಿಸಿ ಸರಾಸರಿ ಹಿಡಿಯಿತು. ಎರಡು ವರ್ಷ ಸ್ವಲ್ಪದರಲ್ಲೇ ಸೀಟು ತಪ್ಪಿತು. ಕೊನೆಗೆ 2012ರಲ್ಲಿ ಸಿಕ್ಕಾಗ, ವಿಜ್ಞಾನದ ಕೋರ್ಸು ಐದು ವರ್ಷಕ್ಕಿಂತ ಹಳೆಯದಾಗಿರಬಾರದು ಅಂದರು. 2007ರ ಮೈಕ್ರೋಬಯಾಲಜಿಯನ್ನು ದುಡ್ಡು ಕೊಟ್ಟು ಇನ್ನೊಮ್ಮೆ ಓದಿದೆ. ಆರ್.ಎನ್., ಅಂದರೆ ರಿಜಿಸ್ಟರ್ಡ್ ನರ್ಸ್, ಆಗಿದ್ದು 2014ರಲ್ಲಿ. ಈಗ ಐ.ಸಿ.ಯು.ನಲ್ಲಿ ರಾತ್ರಿ ಪಾಳಿ ಮಾಡುತ್ತೇನೆ, ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಆದರೂ ಆ ಮುಕ್ಕಾಲು ಗಂಟೆ ನೆನಪಾದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ "ಸೀಟು ಸಿಕ್ತಾ ಮಗಾ?" ಅಂತ ಕೇಳುತ್ತಿದ್ದರು. 2011ರಲ್ಲಿ ತೀರಿಕೊಂಡರು.

ಅದಕ್ಕೇ ಹೇಳುತ್ತಿದ್ದೇನೆ. ಒಂದು ಸೆಮಿಸ್ಟರಿಗೆ ಒಂದೇ ವಿಜ್ಞಾನದ ವಿಷಯ, ತೀರಾ ಧೈರ್ಯವಿದ್ದರೆ ಎರಡು. ಜೊತೆಗೆ ಇಂಗ್ಲಿಷ್ ಅಥವಾ ಸೈಕಾಲಜಿ ಇಟ್ಟುಕೋ. ಸೀಟು ಹಂಚುವಾಗ ವಿಜ್ಞಾನದ ಗ್ರೇಡು, ಟೀಸ್ ಅಥವಾ ಹೆಸಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕ, ಇವನ್ನೇ ಮುಖ್ಯವಾಗಿ ನೋಡುತ್ತಾರೆ. ಒಂದೇ ವಿಷಯವನ್ನು ಎರಡು ಸಲ ಮಾಡಿದರೆ ಯಾವ ಗ್ರೇಡ್ ಹಿಡಿಯುತ್ತಾರೆ, ಕೋರ್ಸು ಎಷ್ಟು ವರ್ಷಕ್ಕೆ ಹಳತಾಗುತ್ತದೆ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೋ. ನೀನಿರುವ ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಆರಕ್ಕಿಂತ ಹೆಚ್ಚು ಕೋರ್ಸ್ ಡ್ರಾಪ್ ಮಾಡಬಾರದು ಅನ್ನುವ ಕಾನೂನೂ ಇದೆ. ಡಿಗ್ರಿ ಇರುವ ನಿನಗೆ ಅನ್ವಯಿಸುತ್ತದೋ ಇಲ್ಲವೋ ವಿಚಾರಿಸು.

ಸೀಟು ಇಷ್ಟು ಕಷ್ಟವಾಗಿರುವುದು ನಿನ್ನ ಕೊರತೆಯಿಂದಲ್ಲ. ಕಲಿಸುವವರು ಸಾಲದು. ಮಾಸ್ಟರ್ಸ್ ಮಾಡಿದ ನರ್ಸಿಗೆ ಕಾಲೇಜಿಗಿಂತ ಆಸ್ಪತ್ರೆಯಲ್ಲಿ ಸಂಬಳ ಜಾಸ್ತಿ. ಕ್ಲಿನಿಕಲ್‌ಗೆ, ಅಂದರೆ ಆಸ್ಪತ್ರೆಯ ತರಬೇತಿಗೆ, ವಿದ್ಯಾರ್ಥಿಗಳನ್ನು ಕಳಿಸಲು ವಾರ್ಡುಗಳೂ ಸಾಲದು. ಅಮೆರಿಕನ್ ಅಸೋಸಿಯೇಷನ್ ಆಫ್ ಕಾಲೇಜಸ್ ಆಫ್ ನರ್ಸಿಂಗ್ ಕೊಟ್ಟ ಲೆಕ್ಕದಲ್ಲಿ 2021ರಲ್ಲಿ ಬಿ.ಎಸ್.ಎನ್. (ನರ್ಸಿಂಗ್ ಪದವಿ) ಮತ್ತು ಅದಕ್ಕೂ ಮೇಲಿನ ಕೋರ್ಸುಗಳಿಂದ 91,938 ಅರ್ಹ ಅರ್ಜಿಗಳು ವಾಪಸಾದವು. ಒಬ್ಬರೇ ನಾಲ್ಕಾರು ಕಡೆ ಹಾಕಿದ ಅರ್ಜಿಗಳೂ ಅದರಲ್ಲಿ ಸೇರಿವೆ ಅನ್ನು. ನೀನೂ ನಾಲ್ಕಾರು ಕಡೆ ಹಾಕು. ನಾನು ಮನೆಗೆ ಹತ್ತಿರದ ಒಂದೇ ಕಾಲೇಜನ್ನು ನಂಬಿ ಕೂತೆ, ಅದೂ ತಪ್ಪೇ.

ಮುಂದಿನ ತಿಂಗಳೇ ಸೀಟು ಅನ್ನುವ ಪ್ರೈವೇಟ್ ಕಾಲೇಜನ್ನೂ ನೋಡದೆ ದೂರಬೇಡ, ಆದರೆ ಹಣ ಕಟ್ಟುವ ಮೊದಲು ಮೂರು ವಿಷಯ ನೋಡು. ಟೆಕ್ಸಸ್ ಬೋರ್ಡ್ ಆಫ್ ನರ್ಸಿಂಗ್ ಒಪ್ಪಿಗೆ ಇದೆಯಾ. ನರ್ಸಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎ.ಸಿ.ಇ.ಎನ್. ಅಥವಾ ಸಿ.ಸಿ.ಎನ್.ಇ. ಸಂಸ್ಥೆಯ ಮಾನ್ಯತೆ ಇದೆಯಾ. ಅಲ್ಲಿ ಓದಿದವರಲ್ಲಿ ಎಷ್ಟು ಜನ ಮೊದಲ ಸಲಕ್ಕೇ ಎನ್‌ಕ್ಲೆಕ್ಸ್ ಅನ್ನುವ ಲೈಸೆನ್ಸ್ ಪರೀಕ್ಷೆ ಪಾಸಾಗಿದ್ದಾರೆ. ಬೋರ್ಡು ಪ್ರತಿ ಕಾಲೇಜಿನ ಫಲಿತಾಂಶವನ್ನೂ ಪ್ರಕಟಿಸುತ್ತದೆ, ನೂರಕ್ಕೆ 80 ಇರಬೇಕು ಅಂತ ನಿಯಮವೇ ಇದೆ. ಫೋನಿನಲ್ಲಿ ಸಿಹಿಯಾಗಿ ಮಾತಾಡುವವರ ಮಾತಿಗಿಂತ ಆ ಪಟ್ಟಿಯನ್ನು ನಂಬು.

ಎ.ಡಿ.ಎನ್., ಅಂದರೆ ನರ್ಸಿಂಗ್‌ನ ಅಸೋಸಿಯೇಟ್ ಡಿಗ್ರಿ, ಓದಿದರೆ ಕೀಳಾ ಅಂತ ಕೇಳಿದ್ದೀಯ. ಅಲ್ಲವೇ ಅಲ್ಲ. ಎರಡು ವರ್ಷದ ಎ.ಡಿ.ಎನ್. ಮಾಡಿದವರೂ ನಾಲ್ಕು ವರ್ಷದ ಬಿ.ಎಸ್.ಎನ್. ಮಾಡಿದವರೂ ಬರೆಯುವುದು ಒಂದೇ ಪರೀಕ್ಷೆ, ಸಿಗುವುದು ಒಂದೇ ಆರ್.ಎನ್. ಲೈಸೆನ್ಸ್. ದೊಡ್ಡ ಆಸ್ಪತ್ರೆಗಳು ಬಿ.ಎಸ್.ಎನ್. ಬಯಸುತ್ತವೆ, ಅದನ್ನು ಆಮೇಲೆ ಕೆಲಸದ ಜೊತೆಗೇ ಮುಗಿಸಬಹುದು. ನಾನೂ ಹಾಗೇ ಮಾಡಿದ್ದು. ನಿನ್ನ ಬಿ.ಎಸ್ಸಿ.ಯನ್ನು ಕೋರ್ಸ್ ಬೈ ಕೋರ್ಸ್ ಇವ್ಯಾಲ್ಯುಯೇಷನ್ ಮಾಡಿಸು. ನಾಲ್ಕು ವರ್ಷದ ಡಿಗ್ರಿಗೆ ಸಮ ಅಂತ ಬಂದರೆ ಬೇರೆ ಡಿಗ್ರಿ ಇರುವವರಿಗೆಂದೇ ಇರುವ ಆಕ್ಸಲರೇಟೆಡ್ ಬಿ.ಎಸ್.ಎನ್. ದಾರಿಯೂ ತೆರೆಯುತ್ತದೆ, 12ರಿಂದ 18 ತಿಂಗಳಲ್ಲಿ ಮುಗಿಯುತ್ತದೆ. ಆದರೆ ಆ ದಿನಗಳಲ್ಲಿ ಮನೆಯ ಕೆಲಸಕ್ಕೆ ನಿನ್ನನ್ನು ಯಾರೂ ನೆಚ್ಚಿಕೊಳ್ಳುವ ಹಾಗಿಲ್ಲ.

ಕಾಯುವ ಹೊತ್ತಿನಲ್ಲಿ ಸಿ.ಎನ್.ಎ., ಅಂದರೆ ನರ್ಸಿಂಗ್ ಸಹಾಯಕಿಯ ತರಬೇತಿ, ಮಾಡು. ಕೇಂದ್ರದ ನಿಯಮದಂತೆ ಕನಿಷ್ಠ 75 ಗಂಟೆಯ ತರಬೇತಿ, ಟೆಕ್ಸಸ್‌ನಲ್ಲಿ ಅದಕ್ಕಿಂತ ಹೆಚ್ಚು. ಡಿಗ್ರಿ ಮಾಡಿದವಳು ಇನ್ನೊಬ್ಬರ ಮೈ ತೊಳೆಯುವುದೇ ಅಂತ ನಾನು ಮೂರು ವರ್ಷ ಮುಖ ತಿರುಗಿಸಿದ್ದೆ, ಊರಲ್ಲಿ ಗೊತ್ತಾದರೆ ಅಂತ ಹೆದರಿದ್ದೆ. ಸೊಂಟ ಮುರಿದ ಅಜ್ಜಿಯನ್ನು ನೋವಾಗದ ಹಾಗೆ ಮಗ್ಗುಲು ತಿರುಗಿಸುವುದು, ಬೆಡ್‌ಸೋರ್ ಶುರುವಾಗುವ ಮೊದಲಿನ ಕೆಂಪನ್ನು ಗುರುತು ಹಿಡಿಯುವುದು, ಇದನ್ನೆಲ್ಲ ನಾನು ಕಲಿತದ್ದು ಆ ಕೆಲಸದಲ್ಲಿ. ಅಪ್ಪನಿಗೆ ಮಾತ್ರ ಹೇಳಲೇ ಇಲ್ಲ. ಅವರೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಡ್ರೈವಿಂಗ್ ಬೇಗ ಕಲಿ, ಕ್ಲಿನಿಕಲ್‌ಗೆ ಬೆಳಗಿನ ಜಾವವೇ ಹೊರಡಬೇಕು, ಬಸ್ಸು ನಂಬಿದರೆ ಆಗದು. ಮಗುವನ್ನು ನೋಡಿಕೊಳ್ಳಲು ಅತ್ತೆಯವರನ್ನು ಕರೆಸಿಕೊಳ್ಳಲಾ ಅಂದಿದ್ದೀಯ, ಅದು ನಿಮ್ಮ ಮನೆಯ ಮಾತು, ನೀನೇ ಬಲ್ಲೆ.

ಈಗ ನೀನು ಮಾಡಬೇಕಾದ್ದು ಇಷ್ಟು. ಕಾಲೇಜಿನ ಅಕಾಡೆಮಿಕ್ ಕ್ಯಾಲೆಂಡರ್ ತೆಗೆದು, ಮುಂದಿನ ಸೆಮಿಸ್ಟರಿನಲ್ಲಿ ವಿತ್‌ಡ್ರಾ ಆಗಲು ಕಡೆಯ ದಿನ ಯಾವುದು ಅಂತ ನನಗೆ ಬರೆದು ಕಳಿಸು. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿರುತ್ತೇನೆ. ಅದರ ಹಿಂದಿನ ದಿನ ನಾನೇ ಫೋನ್ ಮಾಡುತ್ತೇನೆ.