ಶಿಮ್ಲಾ ಕಡೆ ಮನೆ ಕೊಳ್ಳಲು ನಮ್ಮ ಹಾಸನದ ಪಹಣಿ ಸಾಕಾಗುತ್ತಾ?

ಸಾಕಾಗುವುದಿಲ್ಲ. ಹಿಮಾಚಲದ 1972ರ ಗೇಣಿ ಮತ್ತು ಭೂ ಸುಧಾರಣೆ ಕಾಯ್ದೆಯ 118ನೇ ಸೆಕ್ಷನ್ ಪ್ರಕಾರ, ಆ ರಾಜ್ಯದ ರೈತರಲ್ಲದವರು ಜಮೀನು ಕೊಳ್ಳಲು ಸರ್ಕಾರದ ಅನುಮತಿ ಬೇಕು. ನಿಮಗೆ ಹತ್ತೆಕರೆ ಕಾಫಿ ತೋಟ ಇದ್ದರೂ ಅಲ್ಲಿ ನೀವು ರೈತರಲ್ಲ! ತಲೆಮಾರುಗಳಿಂದ ಶಿಮ್ಲಾದಲ್ಲೇ ಅಂಗಡಿ ಇಟ್ಟುಕೊಂಡು, ಹೊಲ ಇಲ್ಲದವರಿಗೂ ಬಹುಮಟ್ಟಿಗೆ ಇದೇ ಗತಿ.

ಸಲೀಸಾದ ದಾರಿ ಅಂದರೆ ಅಲ್ಲಿನ ಸರ್ಕಾರಿ ವಸತಿ ಸಂಸ್ಥೆ ಹಿಮುಡಾ ಕಟ್ಟಿ ಮಾರುವ ಫ್ಲ್ಯಾಟ್. ಅದಕ್ಕೆ ಈ ತಾಪತ್ರಯ ಇಲ್ಲ. ಖಾಸಗಿಯವರ ಮನೆಯಾದರೆ ಅಗ್ರಿಮೆಂಟಿನಲ್ಲಿ 'ಅನುಮತಿ ಸಿಗದಿದ್ದರೆ ಅಡ್ವಾನ್ಸ್ ವಾಪಸ್' ಅಂತ ಬರೆಸಿಕೊಳ್ಳಿ. ಅನುಮತಿ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

'ಜಮೀನು ನನ್ನ ಹೆಸರಲ್ಲಿರಲಿ, ದುಡ್ಡು ನೀವು ಹಾಕಿ' ಅನ್ನುವ ಬ್ರೋಕರ್ ಸಿಕ್ಕರೆ ಹತ್ತಿರ ಸೇರಿಸಬೇಡಿ. ಬೇನಾಮಿ ಅಂತ ಸಾಬೀತಾದರೆ ಜಮೀನು ಸರ್ಕಾರದ ಪಾಲು, ನಿಮ್ಮ ದುಡ್ಡು ಕೇಳುವವರಿಲ್ಲ.