‘ಕಮ್ಮಿ ಹಾರಿದ ವಿಮಾನ, ತಗೊಳ್ಳಬಹುದಾ?’

ಪ್ರಶ್ನೆ: 2012ರ ಗಲ್ಫ್‌ಸ್ಟ್ರೀಮ್ ಜಿ550 ಖಾಸಗಿ ಜೆಟ್ ನೋಡಿದ್ದೇವೆ. ಹಾರಿರುವುದು ಬರೀ 2,400 ಗಂಟೆ. ಹೋದ ವರ್ಷವೇ ತಪಾಸಣೆ ಆಗಿದೆಯಂತೆ. ಪ್ರೀ-ಬೈ ಇನ್ಸ್‌ಪೆಕ್ಷನ್ (ಕೊಳ್ಳುವ ಮುಂಚಿನ ತಪಾಸಣೆ) ಮಾಡಿಸುವುದು ದುಡ್ಡು ದಂಡ ಎನ್ನುತ್ತಾರೆ ಬ್ರೋಕರ್. ಹೌದಾ?

ಉತ್ತರ: ಆ ಬ್ರೋಕರ್‌ಗೆ ನಮಸ್ಕಾರ ಹೇಳಿ ಎದ್ದು ಬನ್ನಿ. ಇದೇ ಪ್ರಶ್ನೆ ಬೇರೆ ಬೇರೆ ಮಾಡೆಲ್ ಹೆಸರಿನಲ್ಲಿ ಬರುತ್ತಲೇ ಇದೆ. ಕಾರಿನ ಕಿಲೋಮೀಟರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಜಿ550ಯ ದೊಡ್ಡ ತಪಾಸಣೆ ಬರುವುದು ಕ್ಯಾಲೆಂಡರ್ ನೋಡಿ, 96 ತಿಂಗಳಿಗೊಮ್ಮೆ. 2012ರ ವಿಮಾನಕ್ಕೆ ಎರಡನೆಯದು 2028ರ ಹೊತ್ತಿಗೆ ಬರುತ್ತದೆ. ಅದರ ಬಿಲ್ ಕಟ್ಟುವವರು ನೀವು. ಮಾಲೀಕರು ಈಗಲೇ ಯಾಕೆ ಮಾರುತ್ತಿದ್ದಾರೆ, ಯೋಚಿಸಿದಿರಾ?

ಸುಮ್ನೆ ನಿಂತ ವಿಮಾನ ಚೆನ್ನಾಗಿರುತ್ತದೆ ಅನ್ನುವುದೂ ಸುಳ್ಳು. ಸೀಲುಗಳು ಒಣಗುತ್ತವೆ. ಇಂಧನ ಟ್ಯಾಂಕಿನಲ್ಲಿ ನೀರು ಸೇರಿ ಸೂಕ್ಷ್ಮಜೀವಿ ಬೆಳೆಯುತ್ತದೆ. ಸಮುದ್ರದ ಪಕ್ಕ ನಿಂತಿದ್ದರೆ ತುಕ್ಕು ಬೇರೆ. ಗ್ಯಾಲಿ (ಅಡುಗೆ ಜಾಗ) ಮತ್ತು ಶೌಚಾಲಯದ ಕೆಳಗಿನ ನೆಲ ಬಿಚ್ಚಿಸಿ ನೋಡಿ. ಅಲ್ಲಿ ವರ್ಷಗಟ್ಟಲೆ ಸೋರಿದ ನೀರು ಮೇಲಿನ ಹೊಸ ಕಾರ್ಪೆಟ್‌ಗೆ ಗೊತ್ತೇ ಆಗುವುದಿಲ್ಲ.

ಎರಡೂ ಬಿಆರ್710 ಎಂಜಿನ್‌ಗಳ ಒಳಗೆ ಬೋರೋಸ್ಕೋಪ್ (ಒಳಭಾಗ ತೋರಿಸುವ ಸಣ್ಣ ಕ್ಯಾಮೆರಾ) ಹಾಕಿಸಿ. ಅವು ತಯಾರಕ ರೋಲ್ಸ್-ರಾಯ್ಸ್‌ನ ಕಂತಿನ ನಿರ್ವಹಣಾ ಯೋಜನೆಯಾದ ಕಾರ್ಪೊರೇಟ್‌ಕೇರ್‌ನಲ್ಲಿ ಇವೆಯಾ, ಕಂತು ಬಾಕಿ ಇದೆಯಾ, ಒಪ್ಪಂದ ನಿಮ್ಮ ಹೆಸರಿಗೆ ಬರುತ್ತದಾ ಎಂದು ರೋಲ್ಸ್-ರಾಯ್ಸ್‌ನಿಂದಲೇ ಬರಹದಲ್ಲಿ ಪಡೆಯಿರಿ. ಮಾರುವವರ ಬಾಯಿಮಾತು ಸಾಲದು.

ಇನ್ನು ದಾಖಲೆ. ಆಯುಸ್ಸು ನಿಗದಿಯಾದ ಬಿಡಿಭಾಗಗಳಿಗೆ ಹುಟ್ಟಿದ ದಿನದಿಂದ ಇಂದಿನವರೆಗಿನ ಲೆಕ್ಕ ಬೇಕು. ನಡುವೆ ಲೆಕ್ಕದ ಒಂದು ತುಂಡು ಕಳೆದಿದ್ದರೆ ಭಾಗ ಎಷ್ಟೇ ಗಟ್ಟಿಯಾಗಿದ್ದರೂ ಬದಲಿಸಬೇಕಾಗಬಹುದು. ‘ಒಂದು ಲಾಗ್‌ಬುಕ್ ಮಾತ್ರ ಸಿಗುತ್ತಿಲ್ಲ ಸಾರ್’ ಎಂದರೆ ನಾನು ಮುಂದಿನ ಮಾತೇ ಆಡುವುದಿಲ್ಲ. ಅತಿ ಆಯಿತು ಎನ್ನುವವರಿದ್ದಾರೆ. ಎನ್ನಲಿ.

ತಪಾಸಣೆಯನ್ನು ಆ ವಿಮಾನವನ್ನು ಇಷ್ಟು ದಿನ ನೋಡಿಕೊಂಡ ವರ್ಕ್‌ಶಾಪಿಗೇ ಕೊಡಬೇಡಿ. ತಮ್ಮ ಕೆಲಸದ ತಪ್ಪನ್ನು ತಾವೇ ಬರೆದುಕೊಡುವವರು ಯಾರು? ತಪಾಸಣೆಯ ಖರ್ಚು ನಿಮ್ಮದು, ಹಾರಾಟಕ್ಕೆ ಅಡ್ಡಿಯಾಗುವ ದೋಷಗಳ ರಿಪೇರಿ ಮಾರುವವರದು ಎಂದು ಒಪ್ಪಂದದಲ್ಲೇ ಇರಲಿ. ಮುಂಗಡ ಎಸ್ಕ್ರೋದಲ್ಲಿ, ಅಂದರೆ ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಡುವ ಮೂರನೆಯವರ ಖಾತೆಯಲ್ಲಿರಲಿ, ಬ್ರೋಕರ್ ಖಾತೆಯಲ್ಲಲ್ಲ. ಸಾಲದ ಹಕ್ಕು ಯಾರದಾದರೂ ಇದೆಯಾ ಎಂದು ಕೇಪ್‌ಟೌನ್ ಒಪ್ಪಂದದ ಅಂತರರಾಷ್ಟ್ರೀಯ ರಿಜಿಸ್ಟ್ರಿಯಲ್ಲಿ ಹುಡುಕಿಸಿ. ಆಮದಿಗೆ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ವಿಮಾನದ ವಯಸ್ಸಿನ ಮಿತಿ ಇಟ್ಟಿದೆ. ಅದನ್ನು ಮುಂಗಡಕ್ಕೆ ಮೊದಲೇ ವಿಚಾರಿಸಿ, ಆಮೇಲಲ್ಲ.

ಪ್ರಶ್ನೆ: ಜಿ550ಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನಿಲ್ಲದೆ ಹೋಗಬಹುದಾ?

ಉತ್ತರ: ಇಲ್ಲ. ದೂರ ಸುಮಾರು 14,000 ಕಿ.ಮೀ. ಕಂಪನಿ ಹೇಳುವುದೇ ಸುಮಾರು 12,500, ಅದೂ ಎಂಟೇ ಪ್ರಯಾಣಿಕರು, ಮ್ಯಾಕ್ 0.80 (ಶಬ್ದದ ವೇಗದ ಶೇ 80) ವೇಗದಲ್ಲಿ. ಲಂಡನ್‌ಗೆ ಆರಾಮಾಗಿ ಹೋಗಿ.

ಪ್ರಶ್ನೆ: ಬಾಡಿಗೆಗೆ ಬಿಟ್ಟರೆ ಖರ್ಚು ಪೂರ್ತಿ ಎದ್ದು ಬರುತ್ತಾ?

ಉತ್ತರ: ಬರುವುದಿಲ್ಲ. ಎನ್‌ಎಸ್‌ಒಪಿ (ವೇಳಾಪಟ್ಟಿ ಇಲ್ಲದ ಬಾಡಿಗೆ ಹಾರಾಟದ) ಪರ್ಮಿಟ್ ಇಲ್ಲದೆ ಬಾಡಿಗೆ ಪಡೆಯುವುದು ಕಾನೂನಿಗೆ ವಿರುದ್ಧ ಕೂಡ.

ಪ್ರಶ್ನೆ: ಹ್ಯಾಂಗರ್ ಒಳಗೆ ಪೂಜೆ ಮಾಡಿ ಕರ್ಪೂರ ಹಚ್ಚಬಹುದಾ?

ಉತ್ತರ: ಪೂಜೆ ಮಾಡಿ. ಕರ್ಪೂರ ಬೇಡ.